ಇಪ್ಪತ್ತೆರಡು ಸಾಲು

ಫೆಬ್ರವರಿ 6, 2025, ಗುರುವಾರ

ಪ್ರೆಶರ್ 160/100.

ಡಾಕ್ಟರ್ ಸುಪ್ರೀತಾ ಹೇಳಿದ್ದಕ್ಕೆ ಈ ಪುಸ್ತಕ. ದಿನಾ ಪ್ರೆಶರ್ ನೋಡಿ ಬರೆದಿಡಿ, ಯಾವುದಕ್ಕೆ ಸಿಟ್ಟು ಬಂತು ಅಂತಲೂ ಒಂದು ಸಾಲು ಬರೆಯಿರಿ ಎಂದರು. ಉಡುಪಿಯವರು, ನಗುತ್ತಾ ಮಾತಾಡುತ್ತಾರೆ, ಇಲ್ಲ ಅನ್ನಲಾಗಲಿಲ್ಲ. ಸಿಟ್ಟಿಗೆ ಒಂದು ಸಾಲು ಸಾಕಾಗುತ್ತದೆ ಎಂದು ಅವರಿಗೆ ಯಾರು ಹೇಳಿದರೋ.

ಇಂದಿನ ಸಿಟ್ಟು: ಅಂಗಡಿಯ ಕಲರ್ ಕಾಪಿ ಮೆಷಿನ್ ಎರಡು ಸಲ ಕಾಗದ ನುಂಗಿತು. ಮೊಣಕಾಲು. ಮತ್ತೆ ಹೆಂಡತಿ ನಫೀಸಾ ಬೆಳಿಗ್ಗೆ ಎದ್ದ ಕೂಡಲೇ, "ಇನ್ನು ಸಾಕು, ಊರಿಗೆ ಹೋಗುವ" ಎಂದಳು. ಇಪ್ಪತ್ತೆಂಟು ವರ್ಷ ಒಮಾನಿನಲ್ಲಿ ಕಳೆದವನಿಗೆ ಉಪ್ಪಿನಂಗಡಿಯಲ್ಲಿ ಎಂತ ಕೆಲಸ ಉಂಟು? ಅಲ್ಲಿ ಈಗ ನನ್ನ ಹೆಸರು ಹಿಡಿದು "ಇಸುಬು" ಎಂದು ಕರೆಯುವವರೇ ನಾಲ್ಕು ಜನ ಉಳಿದಿಲ್ಲ.

ಫೆಬ್ರವರಿ 7, ಶುಕ್ರವಾರ

ಪ್ರೆಶರ್ 156/98. ಸಿಟ್ಟು ಇಲ್ಲ. ಮಲಗಿದ್ದೆ.

ಫೆಬ್ರವರಿ 13, ಗುರುವಾರ

ಪ್ರೆಶರ್ 158/96.

ಮುಅಲ್ಲಿಮ್ ಬಂದಿದ್ದರು. ಹೆಸರು ಇಲ್ಗಾರ್, ಎಪ್ಪತ್ತು ದಾಟಿದ ಮನುಷ್ಯ, ಅಜರ್‌ಬೈಜಾನಿನ ಬಾಕು ಪಟ್ಟಣದವರು. ಮಗಳು ನರ್ಮಿನ್ ಮಸ್ಕತ್ತಿನ ಹೋಟೆಲೊಂದರಲ್ಲಿ ಪಿಯಾನೋ ನುಡಿಸುತ್ತಾಳೆ. ಅವಳ ಜೊತೆ ಇಲ್ಲೇ ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರ್ಕೆಟ್ಟಿನ ಹಿಂದಿನ ಫ್ಲಾಟಿನಲ್ಲಿ ಇದ್ದಾರೆ. ರಷ್ಯನ್ನರ ಕಾಲದಲ್ಲಿ ಅರಬಿ ನಾಡಿನ ಏಡನ್‌ನಲ್ಲಿ ದುಭಾಷಿಯಾಗಿದ್ದರಂತೆ. ಅವರ ಅರಬಿ ನಮ್ಮ ಮದ್ರಸದ ಉಸ್ತಾದರು ಕಿತಾಬು ಓದಿದ ಹಾಗೆ ಇರುತ್ತದೆ, ನನ್ನ ಅರಬಿ ಮೀನು ಮಾರ್ಕೆಟ್ಟಿನದು. ಆದರೂ ನಡೆಯುತ್ತದೆ. ಅವರ ದೇಶದಲ್ಲಿ ಓದಿದವರನ್ನೆಲ್ಲ ಮುಅಲ್ಲಿಮ್ ಎನ್ನುತ್ತಾರಂತೆ, ಹಾಗಾಗಿ ನಾನೂ ಹಾಗೆಯೇ ಕರೆಯುವುದು.

ಕವಿ. ಎರಡು ತಿಂಗಳಿಂದ ಅದೂ ಇದೂ ಕಾಪಿ ಮಾಡಿಸುತ್ತಿದ್ದವರು ಇವತ್ತು ಒಂದು ಕವರ್ ತೆಗೆದು ಗಾಜಿನ ಮೇಲಿಟ್ಟರು. ಸಣ್ಣ ಪುಸ್ತಕ ಆಗಬೇಕು, ನಲವತ್ತು ಪ್ರತಿ. ಅವರ ಶಿಷ್ಯನೊಬ್ಬನ ಕವನಗಳು. ಆಯ್ದಿನ್ ಎಂದು ಹೆಸರು, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವನು, ಈಗ ಒಂದೂವರೆ ವರ್ಷದಿಂದ ಅಲ್ಲಿ ಜೈಲಿನಲ್ಲಿದ್ದಾನೆ. "ಎಂತ ಮಾಡಿದ?" ಎಂದು ಕೇಳಿದೆ. "ಬರೆದ," ಎಂದರು.

ನಾನು ನನ್ನ ನಿಯಮ ಹೇಳಿದೆ. ಈ ಅಂಗಡಿಯಲ್ಲಿ ಜನರ ಪಾಸ್‌ಪೋರ್ಟು, ತಲಾಖ್‌ನಾಮೆ, ಕ್ಯಾನ್ಸರ್ ರಿಪೋರ್ಟು ಎಲ್ಲ ನನ್ನ ಕೈಯಲ್ಲಿ ದಾಟಿವೆ, ಒಂದನ್ನೂ ಓದಿಲ್ಲ. ನಾನು ಕಾಪಿ ಮಾಡುವವನು, ಓದುವವನಲ್ಲ.

ಅವರಿಗೆ ನಗು ಬಂತು. "ಹಾಗಾದರೆ ನೀವೇ ಸರಿ. ಆದರೆ ಯಾರಿಗೂ ಹೇಳಬೇಡಿ," ಎಂದರು.

ಸಿಟ್ಟು: ಮರೆತೆ.

ಫೆಬ್ರವರಿ 18, ಮಂಗಳವಾರ

ಪ್ರೆಶರ್ 150/94.

ಮೊದಲ ಪ್ರತಿ ಮಾಡಿ ತೋರಿಸಿದೆ. ಹಾಳೆ ಮಡಚಿ, ನಡುವೆ ದಾರ ಹಾಕಿ ಕೈಯಲ್ಲೇ ಹೊಲಿದದ್ದು. ಮಕ್ಕಳ ಪ್ರಾಜೆಕ್ಟಿಗೆ ಸ್ಪೈರಲ್ ಹಾಕಿ ಹಾಕಿ ಬೇಸತ್ತ ಕೈಗೆ ಒಳ್ಳೆಯ ಕೆಲಸ ಸಿಕ್ಕಿತ್ತು. ಮುಅಲ್ಲಿಮ್ ಪುಟ ತಿರುಗಿಸುತ್ತಾ ಹೋದವರು ಕೊನೆಯ ಹಾಳೆಗೆ ಬಂದು ನಿಂತರು. ಅದು ಕೃತಜ್ಞತೆಯ ಪುಟ. ಆಯ್ದಿನ್‌ನ ಅಕ್ಕ ತುರಾನೆಯ ಹೆಸರು ಅದರಲ್ಲಿತ್ತು. ಬಾಕುವಿನಲ್ಲಿ ಶಾಲೆಯ ಟೀಚರ್. ಜೈಲಿನಿಂದ ತಮ್ಮ ಫೋನ್ ಮಾಡಿದಾಗಲೆಲ್ಲ ಅಮ್ಮನ ಆರೋಗ್ಯ ಕೇಳುವ ನಡುವೆ ಎರಡೆರಡು ಸಾಲು ಹೇಳುತ್ತಾನಂತೆ, ಅವಳು ಬರೆದುಕೊಂಡು ಇವರಿಗೆ ಮುಟ್ಟಿಸುತ್ತಾಳಂತೆ.

"ನನಗೆ ಬುದ್ಧಿ ಎಲ್ಲಿ ಹೋಗಿತ್ತು! ಈ ಪುಟ ತೆಗೆಯಿರಿ. ಈ ಪ್ರತಿಯನ್ನು ಪೂರ್ತಿ ಮೆಷಿನಿಗೆ ಹಾಕಿ ಪುಡಿ ಮಾಡಿ," ಎಂದರು.

ಆಯಿತು ಎಂದೆ. ಅವರು ಹೋದ ಮೇಲೆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದೆ. ಹೊಲಿಗೆ ಎಷ್ಟು ಸಪೂರ, ಎಷ್ಟು ಚಂದ ಬಂದಿತ್ತು! ಪುಡಿ ಮಾಡಲು ಮನಸ್ಸು ಬರಲಿಲ್ಲ. ಡ್ರಾಯರಿನಲ್ಲಿಟ್ಟೆ.

ಮುಗಿಯದ ಕಾರಣ ಆ ಪ್ರತಿಗೆ ಸೇರಿಸಿರದ ಕೊನೆಯ ಕವನದ ಅರ್ಥ ಹೇಳಿದರು, ನಾನು ಕೇಳಿರಲಿಲ್ಲ. ಆಯ್ದಿನ್‌ನ ಕಿಟಕಿಯಿಂದ ಜೈಲಿನ ಗೋಡೆಯಾಚೆ ಯಾರದೋ ಮನೆಯ ಬಟ್ಟೆ ಒಣಗಿಸುವ ಹಗ್ಗ ಒಂದು ಕಾಣುತ್ತದಂತೆ. ಮನೆಯವರು ಕಾಣುವುದಿಲ್ಲ. ಬಟ್ಟೆ ನೋಡಿಯೇ ಅವನಿಗೆ ಎಲ್ಲ ಗೊತ್ತು: ಗಂಡ ಗ್ಯಾರೇಜಿನವನು, ಅಜ್ಜಿ ಚಳಿಗಾಲದಲ್ಲಿ ತೀರಿಹೋದಳು, ಮಗುವಿನ ಅಂಗಿ ದೊಡ್ಡದಾಗುತ್ತಿದೆ. ಇಪ್ಪತ್ತೆರಡು ಸಾಲು ಬಂದಿದೆ, ಮುಗಿಯಲು ಇನ್ನೊಂದು ಫೋನ್ ಬೇಕು. ಅದು ಬಂದ ಮೇಲೆ ನಲವತ್ತು ಪ್ರತಿ. ಉಳಿದ ಕವನಗಳೆಲ್ಲ ಹಿಂದೆಯೇ ಅಲ್ಲಿ ಇಲ್ಲಿ ಅಚ್ಚಾದವು, ಇದೊಂದು ಮಾತ್ರ ಹೊಸದು.

ಫೆಬ್ರವರಿ 25, ಮಂಗಳವಾರ

150/90.

ಅವರ ಹೊಸ ವರ್ಷ ಮಾರ್ಚ್ ಇಪ್ಪತ್ತಕ್ಕೆ. ಅದಕ್ಕೆ ಮೊದಲು ನಾಲ್ಕು ಮಂಗಳವಾರ ಆಚರಿಸುತ್ತಾರಂತೆ, ಇವತ್ತಿನದು ನೀರಿನ ಮಂಗಳವಾರ. ಮುಅಲ್ಲಿಮ್ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತಾ ಕೂತರು. ಸಕ್ಕರೆಯನ್ನು ಚಹಾಕ್ಕೆ ಹಾಕುವುದಿಲ್ಲ, ಗಟ್ಟಿ ಸಕ್ಕರೆ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಈ ವಯಸ್ಸಿಗೆ ಹಲ್ಲು ಗಟ್ಟಿ ಇರುವುದೇ ದೊಡ್ಡದು.

ಅವರ ಅಜ್ಜನೂ ಕವಿಯಂತೆ. 1937ರಲ್ಲಿ ಹಿಡಿದುಕೊಂಡು ಹೋದವರು ಮತ್ತೆ ಬರಲಿಲ್ಲ. ಮಾರನೆಯ ದಿನ ಅಜ್ಜಿ ಮನೆಯಲ್ಲಿದ್ದ ಕಾಗದವನ್ನೆಲ್ಲ ತಂದೂರಿಗೆ ಹಾಕಿದಳು. ಬರೀ ಕಾಗದ ಸುಟ್ಟರೆ ನೆರೆಮನೆಯವರಿಗೆ ಅನುಮಾನ ಬಂದೀತೆಂದು ರೊಟ್ಟಿಯನ್ನೂ ಬೇಯಿಸಿದಳು. ಆ ರೊಟ್ಟಿಯನ್ನು ಮಕ್ಕಳು ತಿಂದರು. "ನನ್ನ ಅಪ್ಪ ತಿಂದಿದ್ದಾರೆ," ಎಂದರು.

ಬಾಕುವಿನ ಒಂದು ಚಹಾದ ಅಂಗಡಿಯಲ್ಲಿ ಇವರು ಹನ್ನೆರಡು ಜನ ಪ್ರತಿ ಶನಿವಾರ ಸೇರುತ್ತಿದ್ದರಂತೆ. ಕವಿಗಳು, ಪ್ರೊಫೆಸರುಗಳು, ಪತ್ರಿಕೆಯವರು. ಒಂದು ಪದಕ್ಕಾಗಿ ಗಂಟೆಗಟ್ಟಲೆ ಜಗಳ. ಈಗ ಅವರಲ್ಲಿ ಮೂವರು ಒಳಗೆ, ನಾಲ್ವರು ಪರದೇಶದಲ್ಲಿ. ಇನ್ನಿಬ್ಬರು ಅಧಿಕಾರದಲ್ಲಿರುವವರನ್ನು ಹೊಗಳಿ ಬರೆಯುತ್ತಿದ್ದಾರೆ. ಉಳಿದ ಮೂವರು ಇವರ ಫೋನ್ ಎತ್ತುವುದಿಲ್ಲ.

"ಅವರ ಮೇಲೆ ಸಿಟ್ಟಿಲ್ಲವಾ?" ಎಂದು ಕೇಳಿದೆ.

"ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಮಕ್ಕಳಿದ್ದಾರೆ. ಸಿಟ್ಟು ಮಾಡಲಿಕ್ಕೂ ಶಕ್ತಿ ಬೇಕಲ್ಲ, ಯೂಸುಫ್," ಎಂದರು. ಇಸುಬು ಎಂದು ಹೇಳಲು ಅವರಿಗೆ ಆಗುವುದಿಲ್ಲ.

ಫೆಬ್ರವರಿ 27, ಗುರುವಾರ

ಪ್ರೆಶರ್ ನೋಡಿಲ್ಲ.

ಇವತ್ತು ಒಳ್ಳೆಯ ದಿನ. ಒಬ್ಬ ಯುವಕ ಪಾಸ್‌ಪೋರ್ಟ್ ಕಾಪಿಗೆ ಬಂದ, ನೋಡಿದರೆ ಮುಅಲ್ಲಿಮರ ಪಾಸ್‌ಪೋರ್ಟಿನದೇ ಬಣ್ಣ! ರಶಾದ್ ಎಂದು ಹೆಸರು, ಎಣ್ಣೆ ಬಾವಿ ಕೊರೆಯುವ ಕಂಪನಿಯ ಇಂಜಿನಿಯರ್. "ಊರು ಯಾವುದು?" ಎಂದು ಕೇಳಿದೆ. ಬಾಕು. ನನಗೆ ತಡೆಯಲಾಗಲಿಲ್ಲ. ಗಲ್ಫಿನಲ್ಲಿ ಒಂದೇ ಊರಿನ ಇಬ್ಬರಿದ್ದು ಒಬ್ಬರಿಗೊಬ್ಬರು ಗೊತ್ತಿಲ್ಲ ಎಂದರೆ ನನಗೆ ಅನ್ನ ಇಳಿಯುವುದಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಪುತ್ತೂರಿನವರನ್ನು ಪುತ್ತೂರಿನವರಿಗೆ, ಬಂಟ್ವಾಳದವರನ್ನು ಬಂಟ್ವಾಳದವರಿಗೆ ತೋರಿಸಿದ್ದೇನೆ. ಅದರಿಂದ ಮೂರು ಮದುವೆ ಆಗಿದೆ, ಒಂದು ಹೆಣ ಊರಿಗೆ ಮುಟ್ಟಿದೆ.

"ನಿಮ್ಮ ಊರಿನ ದೊಡ್ಡ ಕವಿಯೊಬ್ಬರು ಇಲ್ಲೇ ಇದ್ದಾರೆ ಮಾರಾಯ್ರೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಡ್ರಾಯರಿನಿಂದ ಆ ಪುಸ್ತಕ ತೆಗೆದು ಕೊಟ್ಟೆ. ಅವನು ನಿಂತಲ್ಲೇ ನಾಲ್ಕು ಪುಟ ಓದಿದ. ಮುಖ ಬದಲಾಯಿತು. ಊರಿನ ನೆನಪಾಗಿರಬೇಕು. "ಇಟ್ಟುಕೊಳ್ಳಬಹುದಾ?" ಎಂದ. ಇಟ್ಟುಕೋ ಎಂದೆ.

ಯಾರಿಗೂ ಹೇಳಬೇಡಿ ಎಂದಿದ್ದರು, ನೆನಪಿದೆ. ಆದರೆ ಊರಿನವರಿಗೆ ಹೇಳಿದ್ದು ಹೇಳಿದ ಲೆಕ್ಕಕ್ಕೆ ಬರುತ್ತದಾ?

ಮಾರ್ಚ್ 1, ಶನಿವಾರ

ರಂಜಾನಿನ ಮೊದಲ ನೋಂಬು. ಸುಸ್ತು.

ಮಾರ್ಚ್ 5, ಬುಧವಾರ

ಮುಅಲ್ಲಿಮ್ ಬಂದು ಸ್ಟೂಲಿನ ಮೇಲೆ ಕೂತರು. ಆಯ್ದಿನ್‌ನ ಫೋನ್ ಸೋಮವಾರ ಬರಬೇಕಿತ್ತು, ಬಂದಿಲ್ಲ. ತುರಾನೆಯೂ ಫೋನ್ ಎತ್ತುತ್ತಿಲ್ಲ. ಇವರು ನೋಂಬು ಹಿಡಿಯುವವರಲ್ಲ, ಆದರೂ ನನ್ನೆದುರು ನೀರು ಸಹ ಕುಡಿಯಲಿಲ್ಲ. ರಶಾದನ ವಿಷಯ ಹೇಳಿ ಅವರನ್ನು ಖುಷಿಪಡಿಸಬೇಕೆಂದಿದ್ದೆ. ಇವತ್ತು ಬೇಡ ಅನಿಸಿತು.

ಮಾರ್ಚ್ 9, ಭಾನುವಾರ

ಬರೆಯುವುದಾ ಬೇಡವಾ ಎಂದು ಇಷ್ಟು ಹೊತ್ತು ಕೂತೆ.

ಬೆಳಿಗ್ಗೆ ಹತ್ತೂವರೆಗೆ ಮುಅಲ್ಲಿಮ್ ಬಂದರು. ತುರಾನೆ ಯಾರದೋ ಫೋನಿನಿಂದ ತಿಳಿಸಿದಳಂತೆ, ಅವಳನ್ನು ಕರೆಸಿ ಎರಡು ದಿನ ಕೂರಿಸಿ ಕೇಳಿದರಂತೆ. ಕೇಳಿದವರು ಯಾರು ಎಂದು ಇವರು ಹೇಳಲಿಲ್ಲ, ಅವಳೂ ಹೇಳಿಲ್ಲವಂತೆ. ಫೋನು, ನೋಟ್‌ಬುಕ್ಕು ಎಲ್ಲ ಕಿತ್ತುಕೊಂಡಿದ್ದಾರೆ. ಶಾಲೆಗೆ ಇನ್ನು ಬರಬೇಡ ಎಂದಿದ್ದಾರೆ. ಆಯ್ದಿನ್‌ಗೆ ಫೋನ್ ಬಂದ್. ಒಂದು ಸಾಲು ಹೊರಗೆ ಕಾಣಿಸಿದರೂ ಮತ್ತೆಂದೂ ಫೋನ್ ಸಿಗುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಅವಳಿಗೆ ಅಲ್ಲಿ ಒಂದು ಫೋಟೋ ತೋರಿಸಿದರಂತೆ. ಕೃತಜ್ಞತೆಯ ಪುಟದ ಫೋಟೋ. ಹೊಲಿದ ದಾರ ಸಹ ಅದರಲ್ಲಿ ಕಾಣುತ್ತಿತ್ತಂತೆ.

"ಯೂಸುಫ್, ಆ ಪ್ರತಿಯನ್ನು ಮೆಷಿನಿಗೆ ಹಾಕಿದಿರಲ್ಲ?"

ಗದರಿಸಿ ಕೇಳಿದ್ದಲ್ಲ. ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತೀರಿ ಎಂದು ಕೇಳುವ ಹಾಗೆ ಕೇಳಿದರು.

"ಹಾಕಿದೆ. ಅವತ್ತೇ ಹಾಕಿದೆ," ಎಂದೆ.

ನೋಂಬು ಬಾಯಲ್ಲಿ.

ಮಾರ್ಚ್ 10, ಸೋಮವಾರ

ಮೂರು ಸಲ ಪಾಸ್‌ಪೋರ್ಟನ್ನು ತಲೆಕೆಳಗೆ ಕಾಪಿ ಮಾಡಿದೆ. ಒಬ್ಬ ಮಲಬಾರಿ ಬೈದು ಹೋದ.

ಮಾರ್ಚ್ 11, ಮಂಗಳವಾರ

ಹೇಳಿ ಬಂದೆ.

ನಿನ್ನೆ ಸಂಜೆ ನೋಂಬು ತುರಂದು ಖರ್ಜೂರ ತಿಂದು ಕೂತಾಗ ನಫೀಸಾ, "ಎಂತ ಆಯ್ತು? ಮುಖ ಹೀಗೆ ಉಂಟಲ್ಲ?" ಎಂದಳು. ಎಲ್ಲ ಹೇಳಿದೆ. ನಮಗೆ ಯಾಕೆ ಬೇಕಿತ್ತು ಈ ಉಸಾಬರಿ ಎಂದು ಬೈಯುತ್ತಾಳೆಂದು ಕಾದಿದ್ದೆ. ಬೈದಳು, ಆದರೆ ಅದಕ್ಕಲ್ಲ.

"ಊರಿನವರು ಎಂದ ಕೂಡಲೇ ನಿಮ್ಮ ನಾಲಿಗೆಗೆ ಬೀಗ ಇಲ್ಲ, ಅದು ನನಗೆ ಗೊತ್ತುಂಟು. ಆದರೆ ಸುಳ್ಳು ಎಂತಕ್ಕೆ ಹೇಳಿದಿರಿ? ಆ ಮುದುಕರು ಈಗ ಯಾರ ಯಾರ ಮೇಲೆ ಸಂಶಯ ಮಾಡ್ತಾ ಕೂತಿದ್ದಾರೋ. ಮಗಳ ಮೇಲೂ ಮಾಡಬಹುದು. ಹೋಗಿ ಹೇಳಿ ಬನ್ನಿ."

ಬೆಳಿಗ್ಗೆ ಅವರ ಫ್ಲಾಟಿಗೆ ಹೋದೆ. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು, ಮೊಣಕಾಲು ಹೋಯಿತು. ನರ್ಮಿನ್ ಬಾಗಿಲು ತೆಗೆದಳು. ಕಿಟಕಿಯಲ್ಲಿ ತಟ್ಟೆ ತುಂಬ ಗೋಧಿಯ ಹಸಿರು ಮೊಳಕೆ ಇತ್ತು. ಹಬ್ಬದ್ದಂತೆ. ನಾನು ಕೂರಲಿಲ್ಲ. ನಿಂತಲ್ಲೇ ಹೇಳಿದೆ, ನನಗೆ ಬರುವ ಅರಬಿಯಲ್ಲಿ, ಒಂದರ ಮೇಲೊಂದು. ರಶಾದ್, ಡ್ರಾಯರ್, ಹೊಲಿಗೆ ಚಂದ ಬಂದದ್ದು, ಸುಳ್ಳು ಹೇಳಿದ್ದು.

ನರ್ಮಿನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಅಲ್ಲಿಮ್ ಮೊಳಕೆಯ ತಟ್ಟೆಯನ್ನು ಬಿಸಿಲಿನ ಕಡೆ ತಿರುಗಿಸಿದರು. ಆಮೇಲೆ, "ಎರಡು ದಿನದಿಂದ ನಾನು ಚಹಾದ ಅಂಗಡಿಯ ಆ ಗೆಳೆಯರನ್ನು ಒಬ್ಬೊಬ್ಬರಾಗಿ ಕೂರಿಸಿ ವಿಚಾರಣೆ ಮಾಡುತ್ತಿದ್ದೆ, ತಲೆಯೊಳಗೆ. ತುರಾನೆಯನ್ನು ಕೂರಿಸಿದವರೂ ಹೀಗೆಯೇ ಮಾಡುತ್ತಾರೆ. ಈಗ ಅಷ್ಟೂ ಜನರನ್ನು ಬಿಡುಗಡೆ ಮಾಡಬಹುದು," ಎಂದರು.

ನನ್ನ ಮೇಲೆ ಕೂಗಾಡಿದ್ದರೆ ಹಗುರಾಗುತ್ತಿತ್ತು. ಮೆಟ್ಟಿಲು ಇಳಿಯುವಾಗ ಅಳು ಬಂತು. ಐವತ್ತೆಂಟು ವರ್ಷದ ಗಂಡಸು, ಯಾರದೋ ಬಿಲ್ಡಿಂಗಿನಲ್ಲಿ.

ಮಾರ್ಚ್ 13, ಗುರುವಾರ

ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ಕೈಯಲ್ಲಿ ಅದೇ ಕವರ್.

"ಎಲ್ಲ ಪುಡಿ ಮಾಡಿ. ನಾನು ನಿಂತು ನೋಡುತ್ತೇನೆ."

ನರ್ಮಿನ್‌ಗೆ ಹೆದರಿಕೆ ಹಿಡಿದಿದೆ. ಮನೆಯಲ್ಲಿ ಒಂದು ಚೂರು ಕಾಗದ ಇರಬಾರದು, ಫೋನಿನಲ್ಲೂ ಇರಬಾರದು ಎಂದಿದ್ದಾಳೆ. ಅಣ್ಣತಮ್ಮ ಅಕ್ಕತಂಗಿ ಎಲ್ಲ ಅಲ್ಲೇ ಇರುವವಳು, ಅವಳದೂ ತಪ್ಪಲ್ಲ. ಬಟ್ಟೆಯ ಹಗ್ಗದ ಕವನದ ಗತಿ ಏನು ಎಂದು ಕೇಳಿದೆ. ತುರಾನೆಯ ನೋಟ್‌ಬುಕ್ ಹೋಯಿತು. ಆಯ್ದಿನ್ ಒಳಗಿದ್ದಾನೆ. ಉಳಿದಿರುವುದು ಈ ಹಾಳೆ ಒಂದೇ. "ನಿಮಗೆ ಬಾಯಿಗೆ ಬರುತ್ತದಾ?" ಎಂದೆ.

ಅವರು ತಲೆ ಮುಟ್ಟಿಕೊಂಡರು. ಹೋದ ವರ್ಷ ಒಂದು ಸಣ್ಣ ಸ್ಟ್ರೋಕ್ ಆಗಿದೆಯಂತೆ. "ಬೆಳಿಗ್ಗೆ ಇರುತ್ತದೆ. ಮಧ್ಯಾಹ್ನಕ್ಕೆ ತೂತು ಬೀಳುತ್ತದೆ."

ಆಗ ನಾನು ಹೇಳಿದೆ, ನನಗೆ ಹೇಳಿಕೊಡಿ ಎಂದು.

"ನಿಮಗೆ ನಮ್ಮ ಭಾಷೆ ಬರುವುದಿಲ್ಲ."

"ಮುಅಲ್ಲಿಮ್, ನಾನು ಏಳು ವರ್ಷ ಮದ್ರಸಕ್ಕೆ ಹೋದವನು. ಉಸ್ತಾದರು ಬೆತ್ತ ಹಿಡಿದು ಕೂತರೆ ನಾವು ಮೈ ತೂಗಿ ತೂಗಿ ಪುಟಗಟ್ಟಲೆ ಬಾಯಿಪಾಠ ಮಾಡಿದ್ದೇವೆ. ಅರ್ಥ ಆಗ ಯಾರಿಗೆ ಗೊತ್ತಿತ್ತು? ಒಂದು ಅಕ್ಷರ ಆಚೆ ಈಚೆ ಆಗುತ್ತಿರಲಿಲ್ಲ. ಇಪ್ಪತ್ತೆರಡು ಸಾಲು ಏನು ಮಹಾ!"

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದು ಎಂದೂ ಹೇಳಿದೆ, ಇಲ್ಲಿ ಯಾರು ಓದುತ್ತಾರೆ? ಬೇಡ ಎಂದರು. ಕಾಗದದ ಮೇಲೆ ಅವರಿಗೆ ನಂಬಿಕೆ ಹೋಗಿದೆ. ಹಾಗಾಗಿ ಈ ಪುಸ್ತಕದಲ್ಲೂ ಅದು ಇಲ್ಲ.

ಇವತ್ತು ನಾಲ್ಕು ಸಾಲು.

ಮಾರ್ಚ್ 15, ಶನಿವಾರ

ಎಂಟು ಸಾಲು. ನಮ್ಮಲ್ಲಿ ಇಲ್ಲದ ಒಂದು ಸ್ವರ ಇದೆ, ತುಟಿ ಮುಂದೆ ಮಾಡಿ ಇ ಹೇಳಬೇಕು. ನಫೀಸಾ ಅಡಿಗೆಮನೆಯಿಂದ ಕೇಳಿ ನಕ್ಕಳು.

ಮಾರ್ಚ್ 17, ಸೋಮವಾರ

ಹದಿನಾರು. ಹದಿನೇಳನೆಯದು ಜಾರುತ್ತದೆ. ಮಗುವಿನ ಅಂಗಿ ದೊಡ್ಡದಾಗುವ ಸಾಲು ಅದು. ಮುಅಲ್ಲಿಮ್ ಕಟ್ಟುನಿಟ್ಟು, ಬೆತ್ತ ಒಂದೇ ಇಲ್ಲ.

ಮಾರ್ಚ್ 20, ಗುರುವಾರ

ಇಪ್ಪತ್ತೆರಡೂ ಬಂತು. ಮೂರು ಸಲ ತಪ್ಪಿಲ್ಲದೆ ಹೇಳಿದ ಮೇಲೆ ಹಾಳೆಯನ್ನು ಮೆಷಿನಿಗೆ ನಾನೇ ಹಾಕಿದೆ. ಅವರು ಆ ಕಡೆ ತಿರುಗಿ ನಿಂತರು.

ಇವತ್ತು ಅವರ ಹಬ್ಬ. ಸಂಜೆಯ ಅಸರ್ ನಮಾಜು ಕಳೆದ ಮೇಲೆ ನಫೀಸಾ ಮಾಡಿದ ಅಕ್ಕಿಯ ಪತ್ತಿರಿ, ಕೋಳಿ ಸಾರು ತೆಗೆದುಕೊಂಡು ಇಬ್ಬರೂ ಹೋದೆವು. ಮನೆ ತುಂಬ ಪೆಟ್ಟಿಗೆ. ನರ್ಮಿನ್ ಕೆಲಸ ಬಿಟ್ಟಿದ್ದಾಳೆ. ಭಾನುವಾರ ಇಬ್ಬರೂ ತ್ಬಿಲಿಸಿಗೆ ಹೋಗುತ್ತಾರೆ, ಅದು ಪಕ್ಕದ ದೇಶ ಜಾರ್ಜಿಯಾದಲ್ಲಿದೆಯಂತೆ. ನರ್ಮಿನ್ ನನ್ನ ಮುಖ ನೋಡಲಿಲ್ಲ. ನಫೀಸಾಳ ಕೈಯಿಂದ ಪಾತ್ರೆ ತೆಗೆದುಕೊಂಡಳು, ತೊಳೆದು ಅದರಲ್ಲಿ ಒಣಹಣ್ಣು ತುಂಬಿ ವಾಪಸು ಕೊಟ್ಟಳು.

ಏಪ್ರಿಲ್ 3, ಗುರುವಾರ

ನೋಂಬು ಮುಗಿದು ಪೆರ್ನಾಲ್ ಹಬ್ಬದಿಂದ ನಾಲ್ಕನೇ ದಿನ. ಅಂಗಡಿ ತೆಗೆದು ಕೂತಿದ್ದೆ, ಯಾರೂ ಇರಲಿಲ್ಲ, ರಶಾದ್ ಬಂದ. ಬಡವಾಗಿದ್ದಾನೆ. ತುರಾನೆಯ ಸುದ್ದಿ ಊರಿನಿಂದ ಅವನಿಗೂ ಮುಟ್ಟಿದೆಯಂತೆ.

"ಅಂಕಲ್, ನಾನು ಯಾರಿಗೂ ದೂರು ಕೊಟ್ಟಿಲ್ಲ," ಎಂದ. "ಕವನ ಚೆನ್ನಾಗಿತ್ತು. ಎಲ್ಲ ಪುಟದ ಫೋಟೋ ತೆಗೆದು ಹೆಂಡತಿಗೆ ಕಳಿಸಿದೆ, ಅಷ್ಟೆ. ಅವಳು ಅವಳ ಗೆಳತಿಯರ ಗ್ರೂಪಿಗೆ ಹಾಕಿದಳು. ಆಮೇಲೆ ಗೊತ್ತಿಲ್ಲ."

ಅವನು ಹೇಳಿದ್ದು ನಿಜವಿರಬಹುದು. ಸುಳ್ಳೂ ಇರಬಹುದು. ನನ್ನ ಹಾಗೆಯೇ ಊರಿನವರ ಖುಷಿಗೆ ಕಳಿಸಿದ್ದರೆ ಅವನನ್ನು ಬೈಯಲು ನನಗೆ ಯಾವ ಮುಖ ಉಂಟು? ಮುದುಕರು ಎಲ್ಲಿ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಆ ಕವನಗಳು ಉಂಟಾ ಎಂದು ಕೇಳಿದ. ಖಲಾಸ್, ಏನೂ ಇಲ್ಲ ಎಂದೆ. ಹೇಳುವಾಗ ಇಪ್ಪತ್ತೆರಡೂ ಸಾಲು ನಾಲಿಗೆಯ ಹಿಂದೆಯೇ ಇದ್ದವು. ಅವನು ನಿಂತೇ ಇದ್ದ, ಮತ್ತೆ ಹೋದ.

ಸಂಜೆ ಹೊಸ ಗಿರಾಕಿ ಒಬ್ಬ ಬಂದಿದ್ದ. ಮಾತು ಕೇಳಿದರೆ ನಮ್ಮೂರ ಹತ್ತಿರದ ವಿಟ್ಲದ ಕಡೆಯವನು. ಕಾಪಿ ಮಾಡಿ ಕೊಟ್ಟೆ, ಹೋದ.

ಏಪ್ರಿಲ್ 22, ಮಂಗಳವಾರ

ಬೆಳಗಿನ ಸುಬ್ಹ್ ನಮಾಜಿನ ನಂತರ ಒಮ್ಮೆ, ಅಂಗಡಿ ತೆಗೆಯುವ ಮೊದಲು ಒಮ್ಮೆ ಹೇಳುತ್ತೇನೆ. ನಫೀಸಾಳಿಗೂ ಅರ್ಧ ಬಂದಿದೆ, ಅಕ್ಕಿ ಆರಿಸುವಾಗ ಅವಳಷ್ಟಕ್ಕೆ ಹೇಳುತ್ತಾಳೆ. ಊರಿಗೆ ಹೋಗುವ ಮಾತು ಇತ್ತೀಚೆಗೆ ತೆಗೆದಿಲ್ಲ.

ಮೇ 9, ಶುಕ್ರವಾರ

ಜುಮಾ ನಮಾಜು ಮುಗಿಸಿ ಬಂದು ಊಟಕ್ಕೆ ಕೂತಿದ್ದೆವು. ಫೋನ್ ಬಂತು, ಗುರುತಿಲ್ಲದ ನಂಬರ್. ಮುಅಲ್ಲಿಮ್.

ತ್ಬಿಲಿಸಿಯಲ್ಲಿ ಅವರ ಪಕ್ಕದಲ್ಲಿ ತುರಾನೆ ಕೂತಿದ್ದಾಳಂತೆ. ಅವರ ದೇಶದ ಗಡಿ ದಾಟುವ ಭೂಮಿಯ ದಾರಿ ಮುಚ್ಚಿ ಐದು ವರ್ಷವಾಯಿತಂತೆ, ವಿಮಾನದಲ್ಲಿ ಬಂದಿದ್ದಾಳೆ, ಮೂರು ದಿನಕ್ಕೆ. "ನನ್ನಲ್ಲಿ ಹದಿಮೂರು ಸಾಲು ಉಳಿದಿದೆ. ಅವಳಲ್ಲಿ ಉಳಿದದ್ದು ಯಾವುದು ಮೊದಲು ಯಾವುದು ಆಮೇಲೆ ಎಂದು ಅವಳಿಗೇ ಅನುಮಾನ. ನೀವು ಹೇಳಿ."

ಕೈ ತೊಳೆದು ಬಂದೆ. ಸದ್ದಾಗುತ್ತದೆ ಎಂದು ನಫೀಸಾ ಫ್ಯಾನ್ ಆರಿಸಿದಳು. ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ ಶುರುಮಾಡಿದೆ. ಮೈ ತಾನಾಗಿ ತೂಗತೊಡಗಿತು. ಹದಿನೇಳಕ್ಕೆ ಬಂದು ನಿಂತೆ. ಆ ಕಡೆಯಿಂದ ಹೆಂಗಸಿನ ದನಿ ಮೆತ್ತಗೆ ಒಂದು ಪದ ಕೊಟ್ಟಿತು, ಮುಂದೆ ಹೋದೆ. ಇಪ್ಪತ್ತೆರಡೂ ಆಯಿತು.

ನಾನೇ ಹೇಳಿದೆ, "ಮುಅಲ್ಲಿಮ್, ಆ ಪುಸ್ತಕ ಕೊಟ್ಟವನು ನಾನೇ ಎಂದು ಅವರಿಗೆ ಹೇಳಿ. ಮಾಫಿ ಕೇಳುತ್ತೇನೆ ಎಂದು ಹೇಳಿ."

"ಅವಳಿಗೆ ಗೊತ್ತು," ಎಂದರು. ಆದರೂ ಹೇಳಿದರು. ಅವಳು ಏನೋ ಉದ್ದಕ್ಕೆ ಮಾತಾಡಿದಳು.

"ಮಾಫಿಯ ಬಗ್ಗೆ ಅವಳು ಏನೂ ಹೇಳಲಿಲ್ಲ," ಎಂದರು ಮುಅಲ್ಲಿಮ್. "ಹೋದ ವಾರ ಆಯ್ದಿನ್‌ಗೆ ಮತ್ತೆ ಫೋನ್ ಕೊಟ್ಟರಂತೆ. ಕೊನೆಯ ಎರಡು ಸಾಲು ಹೇಳಿದನಂತೆ. ಅವಳು ಎಲ್ಲಿಯೂ ಬರೆದಿಲ್ಲ, ನನಗೂ ಇನ್ನೂ ಹೇಳಿಲ್ಲ. ನನ್ನ ತಲೆಯನ್ನು ನಂಬಲಾಗುವುದಿಲ್ಲವಂತೆ. ನಿಮಗೆ ಹೇಳುತ್ತಾಳಂತೆ. ಕೇಳಿಸಿಕೊಳ್ಳಿ."

ಅವಳು ನಿಧಾನವಾಗಿ ಹೇಳಿದಳು. ನಾನು ಹೇಳಿದೆ. ತಪ್ಪಿತು. ಮತ್ತೆ ಹೇಳಿದಳು. ಟೀಚರ್ ಅಲ್ಲವೇ, ಅವಸರ ಮಾಡಲಿಲ್ಲ. ಕೆಲಸ ಕಳೆದುಕೊಂಡ ಟೀಚರ್, ಕಳೆಯುವ ಹಾಗೆ ಮಾಡಿದವನಿಗೆ, ಏಳು ಸಲ ಹೇಳಿಕೊಟ್ಟಳು. ಎಂಟನೆಯ ಸಲ ಸರಿಯಾಗಿ ಬಂತು.

ಫೋನ್ ಇಡುವ ಮೊದಲು ಅರ್ಥ ಕೇಳಿದೆ. ಅರ್ಥವನ್ನು ಇಲ್ಲಿ ಬರೆದರೆ ಯಾರಿಗೂ ತೊಂದರೆ ಇಲ್ಲ. ಆ ಮನೆಯವರಿಗೆ ಯಾರಾದರೂ ಹೇಳಿ, ಪುಟ್ಟ ಕಾಲುಚೀಲವೊಂದು ಗಾಳಿಗೆ ಗೋಡೆಯ ಈಚೆ ಬಿದ್ದಿದೆ. ಹುಡುಕಿ ದಣಿಯಬೇಡಿ, ಒಗೆದು ಒಣಗಿಸಿ ಇಟ್ಟಿದ್ದೇನೆ.

ನಫೀಸಾಳಿಗೆ ಹೇಳಿದೆ. ಅವಳು ತಣ್ಣಗಾದ ಅನ್ನದ ತಟ್ಟೆಯನ್ನು ಬದಿಗೆ ಸರಿಸಿದಳು. "ಎರಡು ಸಾಲನ್ನೂ ನನಗೆ ಹೇಳಿಕೊಡಿ," ಎಂದಳು. ಅಸರ್ ಬಾಂಗ್ ಆಗುವವರೆಗೆ ಹೇಳಿಕೊಟ್ಟೆ.